ಕಾರ್ಡಿನೊಳಗಿನ ಬಿಳಿ ಪುಡಿ

ಹೊಲಮನೆಗಾಗಿ ಅಪ್ಪನ ಮೇಲೆ ಕೂಗಾಡಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇತ್ತು. ನಾನು ಕೂಗಾಡಿದ್ದು ಕಂಪ್ಯೂಟರಿನೊಳಗೆ ಕೂರುವ ಒಂದು ಹಳೇ ಗ್ರಾಫಿಕ್ಸ್ ಕಾರ್ಡಿಗಾಗಿ. ಸುಮ್ಮನೆ ಕೊಡುತ್ತೇನೆಂದರೂ ಯಾರೂ ಒಯ್ಯದಂಥ ಕಾರ್ಡು. ತಿರುಗುವಾಗ ಅದರ ಒಂದು ಫ್ಯಾನು ಕಟಕಟ ಅನ್ನುತ್ತಿತ್ತು. ಅಂಥದ್ದಕ್ಕಾಗಿ ನಾಲ್ಕು ಜನರೆದುರು ಅಪ್ಪನ ಮರ್ಯಾದೆ ತೆಗೆದೆ. ಬರೆದರೆ ಮನಸ್ಸು ಹಗುರಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಹಗುರಾಗಬಾರದು ಅನ್ನುವುದೇ ನನ್ನ ಇಚ್ಛೆ.

ನಮ್ಮದು ಬೀದರ ಜಿಲ್ಲೆಯ ಮನೆತನ. ಅಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ನಾಸಿಕಕ್ಕೆ ಕಲ್ಲು ಮಣ್ಣು ಹೊರಲು ಬಂದವರು. ಹತ್ತು ವರ್ಷ ಹೊತ್ತ ಮೇಲೆ ಕೈಗೆ ಕರಣೆ ಬಂತು, ಆಮೇಲೆ ಮಿಸ್ತ್ರಿಯಾದರು. ಅವರು ಗಿಲಾವು ಮಾಡಿದ ಗೋಡೆಗೆ ಕೆನ್ನೆಯಿಟ್ಟು ನೋಡಿದರೂ ಏರುತಗ್ಗು ಸಿಗುತ್ತಿರಲಿಲ್ಲ ಎಂದು ಅವರ ಜೊತೆಯವರು ಹೇಳುತ್ತಿದ್ದರು. ನಾಸಿಕದಲ್ಲಿ ನಾವಿರುವ ಮನೆಯನ್ನು ರಜೆಯ ದಿನಗಳಲ್ಲಿ ಒಬ್ಬರೇ ಕಟ್ಟಿದರು. ನಾನು ಹುಟ್ಟಿದ್ದು ಅದರಲ್ಲೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅವ್ವ ತೀರಿಹೋಗಿ ಬಹಳ ವರ್ಷಗಳಾದವು. ಈಗ ಮನೆಯಲ್ಲಿ ಅಪ್ಪ, ನಾನು, ನನ್ನ ಹೆಂಡತಿ.

ನಾನು ಎನ್ನುವುದು ವಾರಕ್ಕೊಂದೂವರೆ ದಿನದ ಮಾತು. ನನ್ನ ನೌಕರಿ ಸಂಭಾಜಿನಗರದಲ್ಲಿ, ಅಚ್ಚುಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ. ಅಚ್ಚಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವುದು ನನ್ನ ಕೆಲಸ. ಸೋಮವಾರ ಬೆಳಿಗ್ಗೆ ವೈಜಾಪುರದ ಮೇಲೆ ಹೋಗುವ ಬಸ್ಸು ಹಿಡಿಯುತ್ತೇನೆ, ಶನಿವಾರ ಮಧ್ಯಾಹ್ನ ತಿರುಗಿ ಹೊರಡುತ್ತೇನೆ. ಉಳಿದ ದಿನ ಅಲ್ಲಿಯೇ ಒಂದು ಕೋಣೆ ಹಿಡಿದು ಇರುತ್ತೇನೆ.

ಅಪ್ಪನಿಗೆ ಕೈ ನಡುಕ ಶುರುವಾದದ್ದು ಬಲಗೈಯ ಹೆಬ್ಬೆರಳಿನಿಂದ. ಮೊದಲು ಚಹಾ ಚೆಲ್ಲಿತು, ಆಮೇಲೆ ಕರಣೆ ಜಾರಿತು. ಡಾಕ್ಟರು ಕಂಪವಾತ ಎಂದರು, ಗುಳಿಗೆ ಕೊಟ್ಟರು, ಇದು ನಿಲ್ಲುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ ಎಂದರು. ಅಪ್ಪ ಕರಣೆ, ಓಳಂಬ, ಮಟ್ಟಗೋಲು ಎಲ್ಲವನ್ನೂ ಎಣ್ಣೆ ಒರೆಸಿ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗಿಟ್ಟರು. ಅವತ್ತು ನಾನು ಒಂದು ಚೇಷ್ಟೆ ಮಾಡಿದೆ. "ಇನ್ನ ಗಿಲಾವಿಗಿ ಕೈ ಆಡ್ಸೂ ತ್ರಾಸ ಇಲ್ಲಪ್ಪ, ತಾನೇ ಆಡ್ತದ" ಅಂದೆ. ಅಪ್ಪ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಗು ತಿಳಿಯದ ಹೆಂಗಸು ಎಂದುಕೊಂಡೆ.

ಕೆಲಸ ನಿಂತ ಮೇಲೆ ಅಪ್ಪ ಮನೆಯಲ್ಲಿ ಕೂರಲಾರದೆ ಒದ್ದಾಡಿದರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ. ಅಲ್ಲಿಗೆ ದಿನ ಮುಗಿದುಹೋಗುತ್ತಿತ್ತು. ಓಣಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಹೋಗಿ ನಿಂತು ನೋಡುತ್ತಿದ್ದರು. ಬೇರೆಯವರ ಗೋಡೆ ನೋಡಿ ಬಂದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಆ ಕಾರ್ಡು ನಾನು ಹಿಂದೆ ಮನೆಯಲ್ಲಿ ಕೂತು ಅಚ್ಚಿನ ಚಿತ್ರ ಬಿಡಿಸಲು ಯಾರದೋ ಕೈಯಿಂದ ಕೊಂಡದ್ದು. ಕಾರ್ಖಾನೆಯವರು ಲ್ಯಾಪ್‌ಟಾಪ್ ಕೊಟ್ಟ ಮೇಲೆ ಮನೆಯ ಕಂಪ್ಯೂಟರು ಹಾಲಿನ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಜೊತೆಯವನೊಬ್ಬ ಹೊಸ ಸುದ್ದಿ ತಂದ. ವಿಜ್ಞಾನಿಗಳು ಒಂದು ದೊಡ್ಡ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ ಇಂಟರ್ನೆಟ್ಟಿನಲ್ಲಿ ಜಗತ್ತಿನ ತುಂಬ ಹಂಚುತ್ತಾರಂತೆ. ಯಾರ ಮನೆಯಲ್ಲಿ ಸುಮ್ಮನೆ ಬಿದ್ದ ಕಂಪ್ಯೂಟರು ಇದೆಯೋ ಅವರು ಒಂದೊಂದು ತುಂಡು ಇಳಿಸಿಕೊಂಡು, ಲೆಕ್ಕ ಮಾಡಿಸಿ, ತಿರುಗಿ ಕಳಿಸಬೇಕು. ದೇಹದೊಳಗಿನ ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ, ತಪ್ಪಾಗಿ ಮಡಚಿಕೊಂಡಾಗ ಯಾವ ರೋಗ ಬರುತ್ತದೆ ಎಂಬ ಲೆಕ್ಕ ಅದು. ಆ ರೋಗಗಳಲ್ಲಿ ಕೈ ನಡುಕವೂ ಒಂದು. ಇದಕ್ಕೆ ಗ್ರಾಫಿಕ್ಸ್ ಕಾರ್ಡು ಇದ್ದರೆ ಕೆಲಸ ಬೇಗ. ಸಂಬಳವಿಲ್ಲ, ತುಂಡಿಗೆ ಇಷ್ಟು ಎಂದು ಅಂಕ ಕೊಡುತ್ತಾರೆ.

ನಾವು ಐದು ಜನ ಊಟದ ಮೇಜಿನವರು ಒಂದು ತಂಡ ಮಾಡಿದೆವು. ಅಂಕದ ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ನಮ್ಮ ದಿನದ ಗಲಾಟೆಯಾಯಿತು. ನಾನು ಸೇರಿದ್ದು ಆ ಪಟ್ಟಿಗಾಗಿ. ಮನೆಯಲ್ಲಿ ಮಾತ್ರ ಅಪ್ಪನ ಕೈಗಾಗಿ ಎಂದು ಹೇಳಿದೆ. ಹಾಗೆ ಹೇಳಲು ಚೆನ್ನಾಗಿತ್ತು.

ಅಪ್ಪನಿಗೆ ವಿವರಿಸುವಾಗ ನಾನು ಪಾಠ ಹೇಳುವ ಧಾಟಿಯಲ್ಲಿ ಹೇಳಿದೆ. ಅವರು ಅರ್ಧಕ್ಕೇ ತಡೆದರು.

"ತಿಳೀತು ಬಿಡಪ್ಪ. ಬಿಲ್ಡಿಂಗ್ ದೊಡ್ಡದದ. ಒಬ್ಬೊಬ್ಬರು ಒಂದೊಂದು ಇಟ್ಟಂಗಿ ಇಡ್ಲತ್ತಾರ. ಹೌದಿಲ್ಲೋ?"

"ಹೌದು."

"ಪಗಾರ?"

"ಪಗಾರ ಇಲ್ಲ."

"ಹಂಗಂದ್ರ ದಾಸೋಹ," ಅಂದರು. "ನನ್ನ ಕೈಗಿ ಹೊತ್ತಿಗಿ ಬರಲಿಕ್ಕಿಲ್ಲ. ಬರಲಿ ಬಿಡಲಿ. ಮುಂದಿನವರಿಗಿ ಆಗ್ತದಲ್ಲ. ಇದರಾಗ ನನ್ನ ಕೆಲಸ ಏನು ಹೇಳು."

ಅವರಿಗೆ ಕೆಲಸವೇನೂ ಇರಲಿಲ್ಲ. ಯಂತ್ರ ತಾನಾಗಿ ತುಂಡು ಇಳಿಸಿಕೊಂಡು ತಾನಾಗಿ ಕಳಿಸುತ್ತದೆ. ಆದರೆ ಹಳೇ ಕಾರ್ಡು ಬಿಸಿಯಾಗುತ್ತದೆ, ಯಾರಾದರೂ ಕಣ್ಣಿಟ್ಟರೆ ಒಳ್ಳೆಯದೇ. ಪರದೆಯ ಮೇಲೆ ಎರಡು ಅಂಕಿ ತೋರಿಸಿದೆ. ಒಂದು, ತುಂಡು ನೂರಕ್ಕೆ ಎಷ್ಟು ಟಕ್ಕೆ ಮುಗಿದಿದೆ ಎಂದು. ಇನ್ನೊಂದು, ಕಾರ್ಡಿನ ಬಿಸಿ. ಬಿಸಿ ಎಂಬತ್ತು ದಾಟಬಾರದು, ಹತ್ತಿರದ ಕಿಟಕಿಯನ್ನು ಯಾವತ್ತೂ ಮುಚ್ಚಬಾರದು. ಈ ಎರಡು ಮಾತು ಹೇಳಿ, ದಿನಾ ಬೆಳಿಗ್ಗೆ ಚಹಾದ ಹೊತ್ತಿಗೆ ನನಗೆ ಫೋನ್ ಮಾಡಿ ಅಂಕಿ ಒಪ್ಪಿಸಲು ಹೇಳಿದೆ. ಅಪ್ಪ ಅದನ್ನು ಕೆಲಸ ಎಂದು ತೆಗೆದುಕೊಂಡರು. ಗೋಡೆಯ ಮೇಲೆ, ಮಿಸ್ತ್ರಿಗಳು ಬರೆಯುವ ಹಾಗೆ, ಚಪ್ಪಟೆ ಪೆನ್ಸಿಲಿನಿಂದ ದಿನದ ಅಂಕಿ ಬರೆದಿಡತೊಡಗಿದರು. ನಡುಗುವ ಕೈಯ ಕನ್ನಡ ಅಂಕಿಗಳು ಹುಳ ಹರಿದಂತೆ ಕಾಣುತ್ತಿದ್ದವು. ಅವರ ಊಟ ಸರಿಯಾಯಿತು ಎಂದು ಹೆಂಡತಿ ಹೇಳಿದಳು.

ಮೊದಲ ಸೋಮವಾರ ಅಪ್ಪ ಕಂಪ್ಯೂಟರಿನ ಡಬ್ಬಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದರು. ಕರಣೆಗೂ ಹಾಗೇ ಎಳೆಯುತ್ತಿದ್ದವರು. ಅದನ್ನು ನೋಡಿ ನಾನು ಸಿಡಿಮಿಡಿಗೊಂಡೆ. "ಧೂಳು ಒಳಗ ಹೋದ್ರ ಮಷೀನ್ ಸಾಯ್ತದ್ರಿ" ಅಂದೆ. ಅಪ್ಪ ತಕ್ಷಣ ಪಂಚೆಯ ತುದಿಯಿಂದ ಒರೆಸಿದರು. ಅಂದಿನಿಂದ ಪೂಜೆ ಮುಗಿದ ಮೇಲೆ ಹಿತ್ತಲಿಗೆ ಹೋಗಿ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಡಬ್ಬಿಯ ಹತ್ತಿರ ಬರುತ್ತಿದ್ದರಂತೆ. ಇದು ನನಗೆ ಗೊತ್ತಿತ್ತು, ಹೆಂಡತಿ ಹೇಳಿದ್ದಳು. ಗೊತ್ತಿದ್ದೂ ಮುಂದೆ ಹಾಗೆ ಮಾಡಿದೆ ಎಂಬುದು ಇಲ್ಲಿ ದಾಖಲಾಗಲಿ.

ಅಪ್ಪನ ಫೋನು ಬರುವುದು ಕಾರ್ಖಾನೆಯಲ್ಲಿ ನಾವು ಚಹಾ ಕುಡಿಯುವ ಹೊತ್ತಿಗೆ. "ನಲವತ್ತೇಳು ಟಕ್ಕೆ ಆಗ್ಯಾದ. ಬಿಸಿ ಎಪ್ಪತ್ತೆರಡು. ಕಿಡಕಿ ತೆರದದ. ಶರಣು." ದಿನಾ ಇದೇ ಕ್ರಮ, ಇದೇ ಗಾಂಭೀರ್ಯ. ಅಷ್ಟೊತ್ತಿಗೆ ನಡುಕ ಧ್ವನಿಗೂ ಇಳಿದಿತ್ತು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಡುತ್ತಿದ್ದೆ. ಜೊತೆಯವರಿಗೆ ಕನ್ನಡ ತಿಳಿಯದಿದ್ದರೂ ಆ ಧ್ವನಿ ತಿಳಿಯುತ್ತಿತ್ತು. "ಆಜೋಬಾ ಡ್ಯೂಟಿಗೆ ಬಂದರು", ಅಂದರೆ ಅಜ್ಜ ಬಂದರು, ಎಂದು ಮರಾಠಿಯಲ್ಲಿ ನಗುತ್ತಿದ್ದರು. ಫೋನಿಟ್ಟ ಮೇಲೆ ನಾನು "ಎಪ್ಪ... ಎಪ್ಪ... ಎಪ್ಪತ್ತೆರಡು" ಎಂದು ಗದ್ದ ನಡುಗಿಸಿ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಚೆನ್ನಾಗಿ ನನಗೇ ಬರುತ್ತಿತ್ತು, ಮಗ ನೋಡಿ.

ಒಮ್ಮೆ ಅಪ್ಪ ಕೇಳಿದರು, "ಯಾರೋ ನಗ್ಲತ್ತಾರಲ್ಲ?"

"ಟಿವಿ ಹಚ್ಯಾರ," ಅಂದೆ.

"ಹಾಂ," ಅಂದರು. ಮರುದಿನದಿಂದ ಅಂಕಿಗಳನ್ನು ಬೇಗ ಬೇಗ ಹೇಳಿ ಇಟ್ಟುಬಿಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಹಾಲಿಗೆ ಫಾಲ್ಸ್ ಸೀಲಿಂಗ್ ಮಾಡಿಸುವ ಹುಚ್ಚು ಹತ್ತಿತು. ಹುಚ್ಚು ನನ್ನದೇ. ಅಪ್ಪ ಕೈಯಾರೆ ಗಿಲಾವು ಮಾಡಿದ ಚಾವಣಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಪಿಓಪಿ ಹೂಬಳ್ಳಿಗಳಿಂದ ಮುಚ್ಚುವುದು. ಅಪ್ಪ ಒಂದೇ ಮಾತು ಅಂದರು: "ಮ್ಯಾಲಿಂದು ಸಪಾಟ ಅದನಲ್ಲಪ್ಪ." ನಾನು "ಈಗೆಲ್ಲರೂ ಮಾಡಸ್ತಾರ್ರಿ" ಅಂದೆ. ಅಲ್ಲಿಗೆ ಮಾತು ಮುಗಿಯಿತು.

ಹಾಲ್ ಖಾಲಿ ಮಾಡಬೇಕಾದ್ದರಿಂದ ಆ ಭಾನುವಾರ ಕಂಪ್ಯೂಟರನ್ನು ಅಪ್ಪನ ಕೋಣೆಗೆ ಸಾಗಿಸಿ ಕಿಟಕಿಯ ಕೆಳಗಿಟ್ಟೆ. ಸೋಮವಾರ ಬೆಳಿಗ್ಗೆ ಕೆಲಸದವರು ಬಂದರು. ಇಬ್ಬರು ಸೀಲಿಂಗ್ ಕಟ್ಟುವವರು, ಪುಡಿ ಕಲಸಿ ಕೊಡಲು ಒಬ್ಬ ಹೆಂಗಸು. ಆಕೆ ಕಲಬುರಗಿ ಕಡೆಯವಳು, ನಲವತ್ತು ದಾಟಿದ್ದಳು. ಅಂಗಳದಲ್ಲಿ ಕಲಸಲು ಹೋದಾಗ ನಾನು ತಡೆದೆ, ಏಕೆಂದರೆ ಅಲ್ಲಿ ಹಿಂದಿನ ದಿನವಷ್ಟೇ ತೊಳೆದ ನನ್ನ ಮೋಟರ್‌ಸೈಕಲ್ ನಿಂತಿತ್ತು. ಬದಿಯ ಸಂದಿಯಲ್ಲಿ ಕಲಸು ಎಂದು ಕೈ ತೋರಿಸಿ ಬಸ್ಸಿಗೆ ಓಡಿದೆ. ಆ ಸಂದಿ ಇದ್ದದ್ದು ಅಪ್ಪನ ಕಿಟಕಿಯ ಕೆಳಗೆ.

ಮಂಗಳವಾರದ ಫೋನಿನಲ್ಲಿ ಬಿಸಿ ಎಂಬತ್ನಾಲ್ಕು. ಬುಧವಾರ ಎಂಬತ್ತೇಳು. ಅಪ್ಪ ಏನೋ ಹೇಳಲು ಹೊರಟರು. "ಹೊರಗ ಕೆಲಸ ನಡದದ, ಕಿಡಕಿ ಮುಚ್ಚಲೇನು?" ಅಂದರು. ನನ್ನ ಚಹಾ ಆರುತ್ತಿತ್ತು. "ಕಿಡಕಿ ಮುಚ್ಚಬ್ಯಾಡ್ರಿ ಅಂತ ಎಷ್ಟ ಸರ್ತಿ ಹೇಳಬೇಕು? ಫ್ಯಾನ್ ಹಚ್ಚಿ ಫೋನ್ ಇಡ್ರಿ" ಅಂದೆ. ಗುರುವಾರ ಎರಡು ತುಂಡುಗಳು ತಪ್ಪು ಲೆಕ್ಕ ಎಂದು ತಿರಸ್ಕೃತವಾದವು. ಶುಕ್ರವಾರ ಆರು. ಪಟ್ಟಿಯಲ್ಲಿ ಎರಡನೆಯವನಾಗಿದ್ದ ನಾನು ಕೊನೆಗೆ ಬಿದ್ದೆ. ಜೊತೆಯವನೊಬ್ಬ, "ಆಜೋಬಾರನ್ನು ಕೆಲಸದಿಂದ ತೆಗೆದುಹಾಕು" ಅಂದ. ಮೇಜೆಲ್ಲ ನಕ್ಕಿತು. ಆ ನಗುವನ್ನು ಹೊತ್ತುಕೊಂಡು ಶನಿವಾರ ಬಸ್ಸು ಹತ್ತಿದೆ. ವೈಜಾಪುರ ದಾಟುವಷ್ಟರಲ್ಲಿ ಬೈಗುಳಗಳೆಲ್ಲ ತಯಾರಾಗಿದ್ದವು.

ಮನೆ ಮುಟ್ಟಿದಾಗ ಕೆಲಸದವರು ಕೈಕಾಲು ತೊಳೆಯಲು ಹೊರಟಿದ್ದರು. ನಾನು ಚಪ್ಪಲಿ ಬಿಟ್ಟವನೇ ಅಪ್ಪನ ಕೋಣೆಗೆ ಹೋಗಿ ಡಬ್ಬಿಯ ಮುಚ್ಚಳ ಬಿಚ್ಚಿದೆ. ಕಾರ್ಡಿನ ಫ್ಯಾನುಗಳ ಮೇಲೆ, ಅದರ ಕೆಳಗಿನ ತಗಡಿನ ಪದರಗಳ ಸಂದುಗಳಲ್ಲಿ, ಬೆರಳು ಮುಳುಗುವಷ್ಟು ಬಿಳಿ ಪುಡಿ. ಕಿಟಕಿಗೆ ಅಪ್ಪನ ಒಂದು ಪಂಚೆ ಕಟ್ಟಿತ್ತು. ಯಾವ ಚಿಂದಿ ಇದು ಎಂದು ಕಿತ್ತೆಸೆದೆ. ಅದು ನೆಲಕ್ಕೆ ಬಿದ್ದಾಗ ರಟ್ಟು ಬಿದ್ದಂತೆ ಸಪ್ಪಳವಾಯಿತು. ಬಟ್ಟೆ ಯಾಕೆ ಹಾಗೆ ಬೀಳುತ್ತದೆ ಎಂದು ನಾನು ಯೋಚಿಸಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಹಣೆಯ ಮೇಲೆ ಬೆಳಗಿನ ಮೂರು ಗೆರೆಗಳಿದ್ದವು. ಬಿಳಿ ಪುಡಿ, ಬಿಳಿ ಹಣೆ. ನನಗೆ ಅಷ್ಟು ಸಾಕಾಯಿತು. ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಅವರ ಮುಖದ ಹತ್ತಿರ ಒಯ್ದೆ.

"ಇದೇನಿದು? ಬ್ಯಾಡ ಅಂದ್ರೂ ಬೂದಿ ಬಡದಿಯಲ್ಲ ಇದಕ್ಕ? ಜನ ಲೆಕ್ಕ ಮಾಡಸ್ಲತ್ತಾರ, ನೀ ಇದರ ಮ್ಯಾಲ ಭಸ್ಮ ಉದರಸ್ಕೋತ ಕುಂತಿ! ಒಂದು ಕೆಲಸ ಕೊಟ್ಟಿದ್ದೆ. ಒಂದೇ ಕೆಲಸ. ಅದೂ ಆಗಲಿಲ್ಲ ನಿನ್ನ ಕೈಲಿ."

ಅಪ್ಪ ನನ್ನ ಬೆರಳಿನ ಪುಡಿಯನ್ನು ತಮ್ಮ ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒಂದು ಸಲ ಉಜ್ಜಿದರು. ಆಮೇಲೆ ಕಿಟಕಿಯತ್ತ ನೋಡಿದರು. ಹೊರಗೆ ಸಂದಿಯಲ್ಲಿ ಆ ಹೆಂಗಸು ಟಬ್ಬು ಕೆರೆಯುತ್ತ ಕೂತಿದ್ದವಳು ಗದ್ದಲಕ್ಕೆ ಎದ್ದು ನಿಂತಿದ್ದಳು. ಮೊಣಕೈಯವರೆಗೂ ಆಕೆಯ ಕೈಗಳು ಬೆಳ್ಳಗಿದ್ದವು. ಆಕೆ, "ಸಾಹೇಬ್ರ, ಅದು..." ಎಂದು ಬಾಯಿ ತೆರೆದಳು.

"ನೀ ನಿನ್ನ ಕೆಲಸ ನೋಡವ್ವ," ಅಂದರು ಅಪ್ಪ.

ನನಗೆ ಅದೂ ಕೋಪ ತರಿಸಿತು. ಬೈಸಿಕೊಳ್ಳುವಾಗಲೂ ಮಿಸ್ತ್ರಿಗಿರಿ ನಡೆಸುತ್ತಾರಲ್ಲ ಎಂದು. ಹೆಂಡತಿ ಬಂದು, "ಮಾವಾರು ದಿನಾ ಕೈ ತೊಳಕೊಂಡೇ ಮುಟ್ತಾರ್ರಿ" ಅಂದಳು. ಬಾಯಿ ಮುಚ್ಚು ಅಂದೆ. ಸೀಲಿಂಗಿನ ಇಬ್ಬರು ಹಾಲಿನಲ್ಲಿ ಕಲ್ಲಾಗಿ ನಿಂತಿದ್ದರು. ಅವರಿಗೆ ಭಾಷೆ ತಿಳಿಯದು, ಆದರೆ ಮಗ ಅಪ್ಪನ ಮೂಗಿನೆದುರು ಬೆರಳು ಆಡಿಸುತ್ತಿರುವುದು ತಿಳಿಯಲು ಭಾಷೆ ಬೇಕಿಲ್ಲ. ಕೊನೆಗೆ ನಾನು ಆ ಮಾತು ಆಡಿದೆ: "ನಾಳಿಂದ ಈ ಮನ್ಯಾಗ ನಿನ್ನ ಬೂದಿ ನನ್ನ ಕಣ್ಣಿಗಿ ಬೀಳಬಾರದು. ಒಂದು ಚಿಟಿಕೀನೂ."

ಅಪ್ಪ "ಆಯ್ತು" ಅಂದರು.

ಕಾರ್ಡನ್ನು ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಂಭಾಜಿನಗರದ ಕೋಣೆಗೆ ಒಯ್ದು ಕಪಾಟಿನ ಮೇಲೆ ಎಸೆದೆ. ಮುಂದಿನ ವಾರ ಗೋಡೆಗಳಿಗೆ ಬಣ್ಣವಾಯಿತು. ಪೆನ್ಸಿಲಿನ ಅಂಕಿಗಳೂ ಬಣ್ಣದಡಿ ಹೋದವು. ಬೆಳಗಿನ ಫೋನು ನಿಂತಿತು. ಚಹಾದ ಹೊತ್ತಿಗೆ ಜೊತೆಯವರು ಸ್ವಲ್ಪ ದಿನ ಆಜೋಬಾರನ್ನು ಕೇಳಿದರು, ಆಮೇಲೆ ಮರೆತರು. ಶನಿವಾರ ಹೋದಾಗ ಅಪ್ಪ ಹೊಸ ಸೀಲಿಂಗಿನ ಕೆಳಗೆ ಕೂತಿರುತ್ತಿದ್ದರು. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಓಣಿಯಲ್ಲಿ ಕಟ್ಟುವ ಮನೆಗಳನ್ನು ನೋಡಲೂ ಹೋಗುತ್ತಿಲ್ಲ ಎಂದು ಹೆಂಡತಿ ಹೇಳಿದಳು. ವಯಸ್ಸು ಎಂದೆ. ನಾವು ಎದುರುಬದುರು ಕೂತು ಉಂಡೆವು, ಟಿವಿ ನೋಡಿದೆವು. ಚಳಿಗಾಲ ಹೋಗಿ ಬಿಸಿಲು ಬಂತು.

ಏಪ್ರಿಲ್‌ನಲ್ಲಿ ಕೋಣೆ ಬದಲಾಯಿಸುವಾಗ ಆ ಚೀಲ ಕೈಗೆ ಸಿಕ್ಕಿತು. ಎಸೆಯುವ ಮೊದಲು ಒಮ್ಮೆ ತೊಳೆದು ನೋಡೋಣ ಎನಿಸಿತು. ಕಾರ್ಡಿನಿಂದ ತಗಡಿನ ಪದರಗಳ ಭಾಗವನ್ನು ಬಿಚ್ಚಿ ಬೇರೆ ಮಾಡಿದೆ. ಅದೊಂದಕ್ಕೆ ನೀರು ತಾಗಿದರೆ ಕೆಡುಕಿಲ್ಲ. ವಿಭೂತಿ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ ಎಂದು ಸಂದುಗಳಿಗೆ ನೀರು ಸುರಿದು, ನೆನೆಯಲಿ ಎಂದು ಬಿಟ್ಟು ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದರೆ ಸಂದುಗಳು ಗಟ್ಟಿಯಾಗಿದ್ದವು. ಉಗುರಿನಿಂದ ಕೆರೆದೆ, ಬರಲಿಲ್ಲ. ಮತ್ತೆ ನೀರು ಹಾಕಿ ಉಜ್ಜಿದೆ, ಕರಗಲಿಲ್ಲ. ಸ್ಕ್ರೂಡ್ರೈವರಿನಿಂದ ಒತ್ತಿದಾಗ ಸೀಮೆಸುಣ್ಣ ಮುರಿದ ಹಾಗೆ ಒಂದು ಚೂರು ಟಪ್ಪನೆ ಸಿಡಿಯಿತು.

ನಾನು ಹುಟ್ಟಿದಾಗಿನಿಂದ ವಿಭೂತಿ ಕಂಡವನು. ಚಿಕ್ಕವನಿದ್ದಾಗ ಅಪ್ಪ ವಿಭೂತಿಯ ಗಟ್ಟಿಯ ಮೇಲೆ ಎರಡು ಹನಿ ನೀರು ಹಾಕಿ ಬೆರಳಾಡಿಸುವುದನ್ನು ಮಗ್ಗುಲಲ್ಲಿ ಕೂತು ನೋಡುತ್ತಿದ್ದೆ. ನೀರು ಕಂಡರೆ ವಿಭೂತಿ ಮೆತ್ತಗಾಗುತ್ತದೆ. ನೀರು ಕಂಡು ಕಲ್ಲಾಗುವುದು ಪಿಓಪಿ. ಈ ಎರಡರ ವ್ಯತ್ಯಾಸ ಮಿಸ್ತ್ರಿಯ ಮಗನಿಗೆ ಯಾರೂ ಕಲಿಸಬೇಕಿಲ್ಲ. ಮುಟ್ಟಿದರೇ ತಿಳಿಯಬೇಕಿತ್ತು, ಅಪ್ಪನಿಗೆ ಒಂದು ಸಲ ಉಜ್ಜಿದ್ದಕ್ಕೇ ತಿಳಿದಿತ್ತು. ಕಿಟಕಿಗೆ ಕಟ್ಟಿದ್ದ ಪಂಚೆಯನ್ನು ಅವರು ನೆನೆಸಿ ಕಟ್ಟಿದ್ದರು, ಪುಡಿ ತಡೆಯಲೆಂದು. ಅದಕ್ಕೇ ಅದು ರಟ್ಟಾಗಿತ್ತು. ಕಿಟಕಿ ಮುಚ್ಚಬಾರದೆಂದು ಹೇಳಿದವನು ನಾನು. ಅದರ ಕೆಳಗೆ ಕಂಪ್ಯೂಟರು ಇಟ್ಟವನು ನಾನು, ಪುಡಿ ಅಲ್ಲೇ ಕಲಸು ಎಂದವನೂ ನಾನು. ಅಂದು ನಾನು ಕೋಣೆಯಲ್ಲಿ ಒಬ್ಬನೇ ಕೂತು ನಾಚಿಕೆಯಿಂದ ಅತ್ತೆ. ಅತ್ತದ್ದು ಯಾರೂ ನೋಡಲಿಲ್ಲ ಎಂಬ ಸಮಾಧಾನವೂ ಆಗಲೇ ಆಯಿತು. ಅಂಥವನು ನಾನು.

ಶನಿವಾರ ಆ ತಗಡನ್ನು ಚೀಲದಲ್ಲಿಟ್ಟುಕೊಂಡು ನಾಸಿಕಕ್ಕೆ ಬಂದೆ. ಅಪ್ಪ ಹಾಲಿನಲ್ಲಿ ಕೂತಿದ್ದರು. ಅದನ್ನು ಅವರ ಮುಂದಿಟ್ಟು, "ಇದು ಪಿಓಪಿ ಅದರಿ" ಅಂದೆ. ನನಗೆ ಬಂದದ್ದು ಅಷ್ಟೇ ಮಾತು.

ಅಪ್ಪ ಅದನ್ನು ಮುಟ್ಟಲೂ ಇಲ್ಲ. "ಹೌದು," ಅಂದರು.

"ನಿಮಗ ಅವತ್ತೇ ಗೊತ್ತಿತ್ತಲ್ಲ. ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೊರಗ ಪುಡಿ ಕಲಸಾಕಿ ಮ್ಯಾಲ ಹೋಗ್ತಿದ್ದಿ. ಹೊಟ್ಟಿಪಾಡಿಗಿ ಬಂದಾಕಿ ಆಕಿ. ಒಂದು ವಾರದ ಪಗಾರ ಮುರೀತಿದ್ರು, ಮರುದಿನ ಬರಬ್ಯಾಡ ಅಂತಿದ್ರು." ಈಗೀಗ ಮಾತಿನ ನಡುವೆ ಅವರ ದವಡೆಯ ನಡುಕ ನಿಲ್ಲುತ್ತಿರಲಿಲ್ಲ. "ನನ್ನ ಮ್ಯಾಲ ಬಂದ್ರ ಏನಾಗ್ತದ? ಬೈತಿದ್ದಿ. ಬೈದಿ."

ಅವರು ನಲವತ್ತು ವರ್ಷ ಕೆಲಸ ಮಾಡಿದ ರೀತಿಯೇ ಇದು. ಗೋಡೆ ಓರೆಯಾದರೆ ಸಾಹುಕಾರನ ಮುಂದೆ ಮಿಸ್ತ್ರಿ ನಿಲ್ಲಬೇಕು, ಆಳನ್ನು ಮುಂದೆ ಮಾಡಬಾರದು. ಹಾಗೆ ನಿಂತು ಯಾರ್ಯಾರಿಂದಲೋ ಬೈಸಿಕೊಂಡು ಬಂದವರು ರಾತ್ರಿ ಮನೆಯಲ್ಲಿ ಅದನ್ನು ನಗುತ್ತ ಹೇಳುತ್ತಿದ್ದುದನ್ನು ನಾನು ಕೇಳಿ ಬೆಳೆದಿದ್ದೆ. ಈ ಸಲ ಸಾಹುಕಾರ ಮನೆಯವನೇ ಆಗಿದ್ದ.

ತಪ್ಪಾಯಿತು ಎನ್ನಲು ತಲೆ ಎತ್ತಿ ಅವರ ಮುಖ ನೋಡಿದೆ. ನೋಡಿದವನು ಅಲ್ಲೇ ನಿಂತೆ. ಹಣೆ ಬರಿದಾಗಿತ್ತು.

"ವಿಭೂತಿ ಯಾಕ ಹಚ್ಕೊಂಡಿಲ್ಲರಿ ಇವತ್ತ?" ಅಂದೆ.

ಅಡುಗೆಮನೆಯ ಬಾಗಿಲಿನಿಂದ ನನ್ನ ಹೆಂಡತಿ ಹೇಳಿದಳು, ಧ್ವನಿ ಏರಿಸದೆ. "ಇವತ್ತಲ್ಲರಿ. ಐದು ತಿಂಗಳಾಯ್ತು. ಬರೀ ನೀರಿನ ಮ್ಯಾಲ ಪೂಜಿ ಮಾಡ್ತಾರ. ನೀವೇ ಹೇಳೀರಿ, ಕಣ್ಣಿಗಿ ಬೀಳಬಾರದು ಅಂತ." ಆಮೇಲೆ, "ಎದುರಿಗಿ ಕುಂತು ಉಂಡೀರಿ, ನಿಮಗ ಕಂಡೇ ಇಲ್ಲೇನ್ರಿ?" ಎಂದು ಕೇಳಿದಳು. ಅದು ನಿಜವಾದ ಪ್ರಶ್ನೆಯಾಗಿತ್ತು.

ಕಂಡಿರಲಿಲ್ಲ. ಇಪ್ಪತ್ತು ಶನಿವಾರ ಬಂದಿದ್ದೆ. ಸಂಭಾಜಿನಗರದಲ್ಲಿ ಕೂತು ಕಾರ್ಡಿನ ಬಿಸಿ ಒಂದು ಡಿಗ್ರಿ ಏರಿದ್ದು ನನಗೆ ತಿಳಿಯುತ್ತಿತ್ತು. ಎರಡು ಮಾರು ದೂರದಲ್ಲಿ ಉಣ್ಣುತ್ತಿದ್ದ ಅಪ್ಪನ ಹಣೆ, ನಾನು ಕಣ್ಣು ಬಿಟ್ಟಾಗಿನಿಂದ ಒಂದು ದಿನವೂ ಬರಿದಿರದ ಹಣೆ, ಬರಿದಾದದ್ದು ತಿಳಿಯಲಿಲ್ಲ.

ದೇವರ ಗೂಡಿಗೆ ಓಡಿದೆ. ವಿಭೂತಿಯ ಗಟ್ಟಿ ಇರಲಿಲ್ಲ. ಅಪ್ಪನ ಮಂಚದ ಕೆಳಗೆ, ಕರಣೆ ಸುತ್ತಿಟ್ಟ ಗೋಣಿಚೀಲದೊಳಗೆ ಇದೆ ಎಂದು ಹೆಂಡತಿ ಹೇಳಿದಳು. ತಂದೆ. ತಟ್ಟೆಯಲ್ಲಿಟ್ಟು ನೀರಿನ ತಂಬಿಗೆಯೊಂದಿಗೆ ಅಪ್ಪನ ಮುಂದೆ ಹಿಡಿದೆ. "ಹಚ್ಕೋರಿ. ನಾ ಹೇಳಿದ್ದು ತಪ್ಪು. ಹಚ್ಕೋರಿ ಅಪ್ಪ."

"ಮಷೀನ್ ಇನ್ನಾ ಕೋಣ್ಯಾಗ ಅದಲ್ಲಪ್ಪ," ಅಂದರು. ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಾನು ಕಾರ್ಡು ಕಿತ್ತುಕೊಂಡು ಹೋದ ಮೇಲೂ ಖಾಲಿ ಡಬ್ಬಿ ಅವರ ಕೋಣೆಯ ಕಿಟಕಿಯ ಕೆಳಗೇ ಇತ್ತು. ಅದರ ಮೇಲೆ ತೊಳೆದ ಟವೆಲ್ಲು ಹೊದಿಸಿ ಧೂಳು ಬೀಳದಂತೆ ಕಾದಿದ್ದರು. ನಾನು ಅದನ್ನು ಎತ್ತಿ ಹೊರಗೆ ಒಯ್ದು ಅದೇ ಸಂದಿಯಲ್ಲಿಟ್ಟು ಬಂದೆ. ಇನ್ನಿಲ್ಲ ಎಂದೆ.

ಆಗ ಅಪ್ಪ ಕೈ ಚಾಚಿದರು. ಗಟ್ಟಿಯ ಮೇಲೆ ನೀರು ಹಾಕಿಕೊಂಡರು. ಅರ್ಧ ತಟ್ಟೆಗೆ ಚೆಲ್ಲಿತು. ಮೂರು ಬೆರಳು ಜೋಡಿಸಿ ಹಣೆಗೆ ಒಯ್ದರು. ಬೆರಳುಗಳು ಒಂದನ್ನೊಂದು ಬಿಟ್ಟು ಹೋದವು. ಒಂದು ಹುಬ್ಬಿಗೆ ತಾಗಿತು, ಒಂದು ಕಣ್ಣಿನ ಮೂಲೆಗೆ. ಕೈ ಇಳಿಸಿ, ಒರೆಸಿಕೊಂಡು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಮತ್ತೆ ಒಯ್ದರು. ನಾನು ಹಿಡಿಯಲು ಹೋದೆ. "ಬ್ಯಾಡ," ಅಂದರು. ಮೂರನೆಯ ಸಲಕ್ಕೆ ಹಣೆಯ ತುಂಬ ಬರೀ ಒಂದು ಬಿಳಿ ಕಲೆ ಆಯಿತು. ಆಮೇಲೆ ತಟ್ಟೆಯನ್ನು ದೂರ ಸರಿಸಿದರು.

"ರೂಢಿ ತಪ್ಪ್ಯಾದ," ಅಂದರು.

ರೂಢಿಯಲ್ಲ. ದಿನಾ ಮಾಡುತ್ತಿದ್ದರೂ ಒಂದಲ್ಲ ಒಂದು ದಿನ ಆ ಕೈ ಸೋಲುವುದೇ ಇತ್ತು; ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಕಳೆದ ನವೆಂಬರಿನಲ್ಲಿ, ನಾನು ಬೆರಳು ಆಡಿಸುತ್ತ ಅವರೆದುರು ನಿಂತ ದಿನ, ಆ ಹಣೆಯ ಮೇಲೆ ಮೂರು ಗೆರೆಗಳಿದ್ದವು. ಮೂರೂ ನೆಟ್ಟಗಿದ್ದವು.